ಚಂದ್ರತಾಲಕ್ಕೆ ದಾರಿ

ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿರುವ ಚಂದ್ರತಾಲವೆಂಬ ಸರೋವರವನ್ನು ನೋಡಬೇಕೆಂದು ನಮ್ಮ ಮೇಲ್ತರಗತಿಯ ಬಾಲಿಕೆಯರು ಬಹು ದಿವಸಗಳಿಂದ ಬೇಡುತ್ತಿರುವರು. ಪ್ರಯಾಣದ ಕ್ರಮವನ್ನು ಗೊತ್ತುಮಾಡಲು ಭೂಪಟವನ್ನು ಬಿಡಿಸಿ ಕುಳಿತಾಗ ನಾವು ಕಲಿತುದನ್ನು ಇಲ್ಲಿ ಬರೆಯುತ್ತೇವೆ.

ಸರೋವರವು ಸುಮಾರು 4,250 ಮೀಟರ್ ಎತ್ತರದಲ್ಲಿರುವುದು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು 1,930 ಮೀಟರ್ ಮಾತ್ರ. 2020ರಲ್ಲಿ ತೆರೆಯಲ್ಪಟ್ಟ ಅಟಲ್ ಸುರಂಗದ ಮೂಲಕ ಮನಾಲಿಯಿಂದ ಒಂದೇ ಹಗಲಿನಲ್ಲಿ ಅಲ್ಲಿಗೆ ತಲಪಬಹುದು. ಖರ್ಚು ಉಳಿಯುವುದೆಂದು ಮೊದಲು ನಾವೂ ಈ ದಾರಿಯನ್ನೇ ಆರಿಸಿದ್ದೆವು. ಆದರೆ ಬೆಳಿಗ್ಗೆ ಮನಾಲಿಯಲ್ಲಿ ಎದ್ದವಳು ರಾತ್ರಿ ಅದರ ಇಮ್ಮಡಿ ಎತ್ತರದಲ್ಲಿ ಮಲಗಬೇಕಾಗುವುದು.

ಅಲ್ಲಿ ವಾಯುಭಾರವು ಸಮುದ್ರತೀರದಲ್ಲಿರುವುದರ ಐದರಲ್ಲಿ ಮೂರು ಪಾಲಷ್ಟೇ. ಆಮ್ಲಜನಕವು ಸಾಲದೆ ಉಸಿರಾಟವು ತೀವ್ರವಾಗುವುದು; ಇಂಗಾಲಾಮ್ಲ ವಾಯುವು ಅತಿಯಾಗಿ ಹೊರಬಿದ್ದು ರಕ್ತದಲ್ಲಿ ಕ್ಷಾರಗುಣವು ಹೆಚ್ಚುವುದು. ಅದನ್ನು ಸರಿಪಡಿಸತಕ್ಕ ಮೂತ್ರಪಿಂಡಗಳಿಗೆ ಕೆಲವು ದಿವಸಗಳು ಬೇಕು. ಈ ಕೆಲಸವನ್ನು ಯಾವ ಸುರಂಗವೂ ತ್ವರೆಗೊಳಿಸಲಾರದು! ಆದಕಾರಣ 3,000 ಮೀಟರಿನಿಂದಾಚೆಗೆ, ಮಲಗುವ ಸ್ಥಳವು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದೆಂದು ವೈದ್ಯರು ವಿಧಿಸಿರುವರು.

ಹೀಗಾಗಿ ಶಿಮ್ಲಾ, ಕಿನ್ನೌರ್ ಮಾರ್ಗವಾಗಿ ಮೆಲ್ಲನೆ ಏರುವೆವು. ತಾಬೋದಲ್ಲಿ 996ರಲ್ಲಿ ಸ್ಥಾಪಿತವಾದ ಬೌದ್ಧ ವಿಹಾರವುಂಟು. ಅದರ ಭಿತ್ತಿಚಿತ್ರಗಳಿಗಾಗಿಯೇ ಈ ಸುತ್ತುದಾರಿಯು ಸಾರ್ಥಕವೆಂದು ನಮ್ಮ ಅಭಿಪ್ರಾಯ. ಬಳಿಕ ಕಾಜಾದಲ್ಲಿ ತಂಗಿ, ಲೋಸರ್ ಗ್ರಾಮದಲ್ಲಿ ಒಂದು ರಾತ್ರಿ ಕಳೆದು, ಕುಂಜುಮ್ ಕಣಿವೆದಾರಿಯನ್ನು ದಾಟುವೆವು. ಸರೋವರದ ದಡದಲ್ಲಿ ಡೇರೆ ಹಾಕಕೂಡದು, ಬಿಡಾರವು ದೂರದಲ್ಲಿಯೇ.

ನಮಗೆ ಭಯವಿರುವುದು ಹಿಮಕ್ಕಲ್ಲ, ಬಾಲಿಕೆಯರ ಮೌನಕ್ಕೆ. ತನ್ನಿಂದ ಸಂಗಡಿಗರಿಗೆ ಅಡ್ಡಿಯಾಗುವುದೆಂದು ತಲೆನೋವನ್ನು ಬಚ್ಚಿಡುವವಳು ಪ್ರತಿ ತರಗತಿಯಲ್ಲಿಯೂ ಒಬ್ಬಳಿರುವಳು. ತಲೆನೋವು, ವಾಕರಿಕೆ ತೋರಿದರೆ ಮುಂದೆ ಏರತಕ್ಕದ್ದಲ್ಲ. ನಡಿಗೆಯು ತತ್ತರಿಸಿದರೆ, ಮಾತು ತೊದಲಿದರೆ, ಕುಳಿತಲ್ಲಿಯೇ ಏದುಸಿರು ಬಂದರೆ, ನಡುರಾತ್ರಿಯಾದರೂ ಕೆಳಗಿಳಿಸಬೇಕು. ಕಾಜಾಕ್ಕೆ ಹಿಂತಿರುಗಬೇಕಾದರೆ 4,500 ಮೀಟರಿಗೂ ಮಿಕ್ಕ ಕುಂಜುಮನ್ನು ಮತ್ತೆ ಏರಬೇಕಾಗುವುದರಿಂದ, ಇಳಿಯತಕ್ಕದ್ದು ಬಾತಲ್, ಛತ್ರು ಕಡೆಗೇ. ಅದಕ್ಕಾಗಿ ಒಂದು ವಾಹನವು ರಾತ್ರಿಯೆಲ್ಲಾ ಬಿಡಾರದಲ್ಲಿ ಸಿದ್ಧವಾಗಿರುವುದು.

2023ರ ಜುಲೈ ತಿಂಗಳಲ್ಲಿಯೇ ಹಿಮ ಬಿದ್ದು ಇನ್ನೂರಕ್ಕೂ ಹೆಚ್ಚು ಜನರು ಅಲ್ಲಿ ಸಿಕ್ಕಿಕೊಂಡಿದ್ದರು. ಪ್ರಯಾಣಪಟ್ಟಿಯಲ್ಲಿ ಎರಡು ದಿವಸಗಳನ್ನು ಬರಿದಾಗಿ ಬಿಟ್ಟಿರುವುದೇಕೆ, ಅವಕ್ಕೂ ಹಣ ಕೊಡಬೇಕೇ ಎಂದು ಕೆಲವು ತಂದೆತಾಯಿಗಳು ಕೇಳಿರುವರು. ಕೊಡಬೇಕು.