ಸಿಹಿನೀರು ಉಪ್ಪುನೀರುಗಳ ಗಡಿಯಲ್ಲಿ

ಪಶ್ಚಿಮ ಘಟ್ಟಗಳ ಮೇಲೆ ಸುರಿದ ಮಳೆ ಎರಡು ಪಾಲಾಗುತ್ತದೆ. ಮೂಡಣ ಇಳಿಜಾರಿನ ಪಾಲು ಮಲಪ್ರಭೆ, ಘಟಪ್ರಭೆಗಳಾಗಿ ನಮ್ಮ ಬಾಗಲಕೋಟೆಯ ಸೀಮೆಗೆ ಬರುತ್ತದೆ. ಪಡುವಣ ಪಾಲು ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳಾಗಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದು ಭೂಪಟದಲ್ಲಿ ಕಾಣುವ ಸಂಗತಿ. ಕಾಣದ ಸಂಗತಿಯೂ ಒಂದುಂಟು. ಕರಾವಳಿಯ ಮಳೆಯ ಒಂದು ಭಾಗ ನೆಲದಲ್ಲಿ ಇಂಗಿ, ಮರಳು ಮುರಕಲ್ಲುಗಳ ಸಂದುಗಳಲ್ಲಿ ಮೆಲ್ಲನೆ ಸರಿದು, ನದಿಯ ನೆರವಿಲ್ಲದೆಯೇ ಕಡಲನ್ನು ಮುಟ್ಟುತ್ತದೆ.

ನದಿಯು ಕಡಲನ್ನು ಕೂಡುವ ಎಡೆಯನ್ನು ಕರಾವಳಿಯವರು ಅಳಿವೆ ಎನ್ನುತ್ತಾರೆ. ಅಂತರ್ಜಲವೂ ಕಡಲ ನೀರೂ ಬೆರೆಯುವ ಎಡೆಗೆ ಅಮೆರಿಕದ ವಿಜ್ಞಾನಿ ವಿಲ್ಲರ್ಡ್ ಮೂರ್ 1999ರಲ್ಲಿ ‘ನೆಲದಡಿಯ ಅಳಿವೆ’ ಎಂಬ ಅರ್ಥದ ಹೆಸರನ್ನು ಕೊಟ್ಟರು. ಅಲ್ಲಿ ಬೆಳಕಿಲ್ಲ, ಮೀನಿಲ್ಲ, ಆದರೆ ಜೀವವಿಲ್ಲವೆನ್ನುವಂತಿಲ್ಲ. ಮರಳಿನ ಕಣಕಣಕ್ಕೂ ಅಂಟಿಕೊಂಡು ಬ್ಯಾಕ್ಟೀರಿಯಗಳು ಬಾಳುತ್ತಿವೆ. ಅವುಗಳ ಬಾಳನ್ನು ಅರಿಯಬೇಕಾದರೆ ಮೊದಲು ಆ ಗಡಿಯ ಭೌತಶಾಸ್ತ್ರವನ್ನು ಅರಿಯಬೇಕು.

ತೂಕದ ಲೆಕ್ಕ

ಸಿಹಿನೀರಿನ ಸಾಂದ್ರತೆ 1.000 ಎಂದಿಟ್ಟುಕೊಂಡರೆ ಕಡಲ ನೀರಿನದು ಸುಮಾರು 1.025. ಆದುದರಿಂದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತದೆ. ಕಡಲಿನ ಮಟ್ಟಕ್ಕಿಂತ 1 ಮೀಟರು ಮೇಲೆ, 40 ಮೀಟರು ಕೆಳಗೆ, ಒಟ್ಟು 41 ಮೀಟರು ಎತ್ತರದ ಸಿಹಿನೀರಿನ ಕಂಬವೊಂದನ್ನು ಊಹಿಸಿಕೊಳ್ಳಿ. 41ನ್ನು 1.000ದಿಂದ ಗುಣಿಸಿದರೆ 41, 40ನ್ನು 1.025ರಿಂದ ಗುಣಿಸಿದರೂ 41. ಎರಡು ಕಂಬಗಳೂ ಸರಿತೂಗುತ್ತವೆ. ಅಂದರೆ, ಕಡಲ ಮಟ್ಟಕ್ಕಿಂತ ಅಂತರ್ಜಲ ಎಷ್ಟು ಎತ್ತರದಲ್ಲಿದೆಯೋ ಅದರ ನಲವತ್ತರಷ್ಟು ಆಳದವರೆಗೆ ಸಿಹಿನೀರು ಸಿಕ್ಕುತ್ತದೆ. ಹಾಲೆಂಡಿನ ಬಾದೊನ್ ಘೈಬೆನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿಯೂ ಬೇರೆಬೇರೆಯಾಗಿ ಈ ನಿಯಮವನ್ನು ಕಂಡುಕೊಂಡರು. ಕಡಲ ದಂಡೆಯ ಬಾವಿಯಲ್ಲಿ ಸಿಹಿನೀರು ದೊರೆಯುವ ಗುಟ್ಟು ಇದೇ.

ಆದರೆ ಗಡಿಯು ಗೆರೆ ಎಳೆದಂತೆ ಇರುವುದಿಲ್ಲ. ಭರತ ಇಳಿತಗಳೂ ಮಳೆಗಾಲ ಬೇಸಗೆಗಳೂ ಅದನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತವೆ. ಹೀಗೆ ಬೆರಕೆಯ ಪಟ್ಟಿಯೊಂದು ಏರ್ಪಡುತ್ತದೆ. ನಮ್ಮ ಬ್ಯಾಕ್ಟೀರಿಯಗಳ ಊರು ಅದು.

ಉಸಿರಾಟದ ಮೆಟ್ಟಿಲುಗಳು

ನಾವು ಅನ್ನವನ್ನು ಆಮ್ಲಜನಕದಿಂದ ದಹಿಸಿ ಶಕ್ತಿ ಪಡೆಯುತ್ತೇವೆ. ಆಹಾರದಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಆಮ್ಲಜನಕ ಸ್ವೀಕರಿಸುತ್ತದೆ. ನೆಲದಡಿಯಲ್ಲಿ ಆಮ್ಲಜನಕ ಬೇಗನೆ ತೀರಿಹೋಗುತ್ತದೆ. ಆಗ ಬೇರೆ ಬ್ಯಾಕ್ಟೀರಿಯಗಳು ಬೇರೆ ಸ್ವೀಕಾರಕಗಳನ್ನು ಹಿಡಿಯುತ್ತವೆ: ಮೊದಲು ನೈಟ್ರೇಟು, ಬಳಿಕ ಮ್ಯಾಂಗನೀಸು ಮತ್ತು ಕಬ್ಬಿಣದ ಆಕ್ಸೈಡುಗಳು, ಆಮೇಲೆ ಸಲ್ಫೇಟು, ಕಟ್ಟಕಡೆಗೆ ಇಂಗಾಲದ ಡೈಆಕ್ಸೈಡು. ಒಂದೊಂದು ಮೆಟ್ಟಿಲು ಇಳಿದಂತೆ ದೊರೆಯುವ ಶಕ್ತಿ ಕಡಮೆಯಾಗುತ್ತದೆ. ಅದೇ ಸಕ್ಕರೆಯಿಂದ ಸಲ್ಫೇಟು ಬಳಸುವ ಬ್ಯಾಕ್ಟೀರಿಯಕ್ಕೆ ಸಿಕ್ಕುವುದು ಆಮ್ಲಜನಕ ಬಳಸುವುದಕ್ಕೆ ಸಿಕ್ಕುವುದರ ಸುಮಾರು ಆರನೆಯ ಒಂದು ಪಾಲು. ಹೆಚ್ಚು ಲಾಭದ ಸ್ವೀಕಾರಕ ಇರುವವರೆಗೆ ಅದನ್ನು ಬಳಸಬಲ್ಲವರದೇ ಮೇಲುಗೈ.

ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿದ್ದು, ಸಲ್ಫೇಟಿನ ಪಾಲೇ ಸುಮಾರು 2.7 ಗ್ರಾಂ. ಸಿಹಿಯಾದ ಅಂತರ್ಜಲದಲ್ಲಿ ಅದು ಸಾಮಾನ್ಯವಾಗಿ ಬಹಳ ಕಡಮೆ. ಹೀಗಾಗಿ ಗಡಿಯ ಸಿಹಿ ಮಗ್ಗುಲಿನ ಕೆಸರಿನಲ್ಲಿ ಮೀಥೇನನ್ನು ಉಂಟುಮಾಡುವ ಜೀವಿಗಳು ಬೆಳೆಯಬಲ್ಲವು. ಇವು ಬ್ಯಾಕ್ಟೀರಿಯಗಳನ್ನು ಹೋಲಿದರೂ ಬೇರೆಯದೇ ಕುಲವೆಂದು ಕಾರ್ಲ್ ವೋಸ್ 1977ರಲ್ಲಿ ತೋರಿಸಿದರು. ಈ ಕುಲಕ್ಕೆ ಆರ್ಕಿಯ ಎಂದು ಹೆಸರು. ಉಪ್ಪು ಮಗ್ಗುಲಿನಲ್ಲಿ ಸಲ್ಫೇಟು ಬಳಸುವವು ಅವುಗಳ ಆಹಾರವನ್ನು ಕಸಿದುಕೊಳ್ಳುತ್ತವೆ. ಇಂಥ ಬ್ಯಾಕ್ಟೀರಿಯವನ್ನು 1895ರಲ್ಲಿ ಹಾಲೆಂಡಿನ ಬೈಯರಿಂಕ್ ಗುರುತಿಸಿದ್ದರು. ಇವು ಬಿಡುವ ಅನಿಲ ಹೈಡ್ರೊಜನ್ ಸಲ್ಫೈಡು; ಕೊಳೆತ ಮೊಟ್ಟೆಯ ನಾತ ಅದರದೇ.

ಗಡಿಯ ಕೆಲಸಗಾರರು

ಈ ಸೂಕ್ಷ್ಮಜೀವಿಗಳಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ಗೊಬ್ಬರದಿಂದಲೂ ಶೌಚದ ಗುಂಡಿಗಳಿಂದಲೂ ಇಳಿದ ನೈಟ್ರೇಟನ್ನು ಕೆಲವು ಬ್ಯಾಕ್ಟೀರಿಯಗಳು ನೈಟ್ರೊಜನ್ ಅನಿಲವಾಗಿ ಮಾರ್ಪಡಿಸುತ್ತವೆ. ಅಷ್ಟರಮಟ್ಟಿಗೆ ಕಡಲು ಸೇರುವ ಕೊಳೆ ತಗ್ಗುತ್ತದೆ. ಕಬ್ಬಿಣದ ಕೆಲಸವೂ ಸೋಜಿಗದ್ದು. ಆಮ್ಲಜನಕವಿಲ್ಲದ ನೀರಿನಲ್ಲಿ ಕರಗಿ ಬಂದ ಕಬ್ಬಿಣ ಗಡಿಯಲ್ಲಿ ಆಮ್ಲಜನಕವನ್ನು ಸಂಧಿಸಿ ತುಕ್ಕಾಗಿ ಮರಳಿನ ಮೇಲೆ ಕೂಡುತ್ತದೆ. ಅಮೆರಿಕದ ವಾಕ್ವಾಯ್ಟ್ ಕೊಲ್ಲಿಯ ದಂಡೆಯಲ್ಲಿ ಇಂಥ ‘ಕಬ್ಬಿಣದ ತೆರೆ’ಯನ್ನು 2002ರಲ್ಲಿ ವರ್ಣಿಸಿದರು, ಅದು ನೀರಿನಲ್ಲಿದ್ದ ಫಾಸ್ಫೇಟನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಕಬ್ಬಿಣದಿಂದ ಬದುಕುವ ಬ್ಯಾಕ್ಟೀರಿಯಗಳನ್ನು ನೋಡಲು ಕರಾವಳಿಗೇ ಹೋಗಬೇಕಾಗಿಲ್ಲ. ಒರತೆಯ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಪೊರೆ ಕಂಡರೆ ಕಡ್ಡಿಯಿಂದ ಕಲಕಿರಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಬ್ಯಾಕ್ಟೀರಿಯದ ಪೊರೆಯಾದರೆ ಒಡೆದು ಚೂರುಗಳಾಗಿ ನಿಲ್ಲುತ್ತದೆ.

ಗಡಿ ಸರಿದರೆ

ಮತ್ತೆ ನಲವತ್ತರ ಲೆಕ್ಕಕ್ಕೆ ಬರೋಣ. ಕಂಬ 1 ಮೀಟರು ಎತ್ತರವಿದ್ದರೆ 40 ಮೀಟರು ಆಳ ದೊರೆಯಿತಷ್ಟೆ. ಪಂಪಿನಿಂದ ಎಳೆದು ಎತ್ತರವನ್ನು ಅರ್ಧ ಮೀಟರಿಗೆ ಇಳಿಸಿದರೆ, ಸಮತೋಲ ಏರ್ಪಟ್ಟಾಗ ಗಡಿಯು 20 ಮೀಟರು ಮೇಲೇರಿರುತ್ತದೆ. ನೂರು ಬಿಂದಿಗೆ ಸಿಹಿನೀರಿಗೆ ಎರಡು ಬಿಂದಿಗೆ ಕಡಲ ನೀರು ಬೆರೆತರೂ ಕ್ಲೋರೈಡು ಲೀಟರಿಗೆ 250 ಮಿಲಿಗ್ರಾಮಿನ ಭಾರತೀಯ ಸ್ವೀಕಾರಾರ್ಹ ಮಿತಿಯನ್ನು ದಾಟುತ್ತದೆ.

ಬ್ಯಾಕ್ಟೀರಿಯಗಳಿಗೂ ಇದು ಕಷ್ಟದ ಕಾಲ. ಕಡಲ ನೀರಿನ ಪರಾಸರಣ ಒತ್ತಡ ವಾಯುಭಾರದ ಸುಮಾರು 25ರಷ್ಟು. ಉಪ್ಪೇರಿದಾಗ ಸಿಹಿನೀರಿನ ಜೀವಕೋಶಗಳಿಂದ ನೀರು ಹೊರಕ್ಕೆ ಸೋರುತ್ತದೆ. ಬೀಟೇನಿನಂಥ ವಸ್ತುಗಳನ್ನು ಒಳಗೆ ಕೂಡಿಟ್ಟು ಒತ್ತಡವನ್ನು ಸರಿದೂಗಿಸಬಲ್ಲವು ಮಾತ್ರ ಉಳಿಯುತ್ತವೆ. ಸಲ್ಫೇಟಿನ ಬೆನ್ನಿಗೇ ಅದನ್ನು ಬಳಸುವವು ಹೆಚ್ಚುತ್ತವೆ. ಅವುಗಳ ಸಲ್ಫೈಡು ತುಕ್ಕಿನ ಕಬ್ಬಿಣವನ್ನು ಕಪ್ಪು ಕೆಸರಾಗಿಸುತ್ತದೆ. ತುಕ್ಕು ಹಿಡಿದಿಟ್ಟಿದ್ದ ಫಾಸ್ಫೇಟು ಮತ್ತೆ ನೀರಿಗೆ ಬಿಡುಗಡೆಯಾಗಬಹುದು. ಶುಚಿ ಮಾಡುತ್ತಿದ್ದ ಸಮಾಜವೇ ಹೀಗೆ ಮಾರ್ಪಡುತ್ತದೆ.

ದಕ್ಷಿಣ ಕನ್ನಡ, ಉಡುಪಿಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಆದರೆ ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು ಹರಿದುಹೋಗುತ್ತದೆ. ಮಳೆಗಾಲ ಮುಗಿದೊಡನೆ ಹೊಳೆಗಳ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುವುದು ಅಲ್ಲಿಯ ರೂಢಿ. ಕಡಲಿಗೆ ಸಮೀಪದ ಕಟ್ಟೆಗಳಲ್ಲಿ ಆ ಹಲಗೆ ಎರಡು ಕೆಲಸ ಮಾಡುತ್ತದೆ: ಭರತದ ಉಪ್ಪುನೀರನ್ನು ತಡೆಯುತ್ತದೆ, ಸಿಹಿನೀರನ್ನು ನಿಲ್ಲಿಸಿ ನೆಲಕ್ಕೆ ಇಂಗಿಸುತ್ತದೆ. ಹೀಗೆ ಅಂತರ್ಜಲವನ್ನು ಒಂದು ಗೇಣು ಎತ್ತರಿಸಿದರೂ ಕೆಳಗೆ ನಲವತ್ತು ಗೇಣು ಸಿಹಿನೀರು ಉಳಿದೀತು. ಅದರೊಡನೆ, ಕೂಲಿ ಬೇಡದೆ ದುಡಿಯುವ ಆ ಕೋಟ್ಯಂತರ ಕೆಲಸಗಾರರೂ ಉಳಿದಾರು.