ಉಂಡೆಯಾಗದ ಗ್ರಿಡ್ ಚಿತ್ರ: ಹಂತ ಹಂತವಾಗಿ

ವಿದ್ಯುತ್ ಗ್ರಿಡ್‌ನ ಮಾಡೆಲ್ ಫೈಲಿನಲ್ಲಿ ಯಾವ ಬಸ್ಸಿಗೆ (ಲೈನುಗಳು ಕೂಡುವ ಬಿಂದುವಿಗೆ) ಯಾವ ಲೈನ್ ಸೇರಿದೆ ಎಂಬ ಪಟ್ಟಿ ಇರುತ್ತದೆ. ಯಾವುದು ಎಲ್ಲಿದೆ ಎಂಬುದು ಎಷ್ಟೋ ಸಲ ಇರುವುದಿಲ್ಲ. ಅದನ್ನು ಹಾಗೆಯೇ ಕೊಟ್ಟು ಚಿತ್ರ ತೆಗೆಸಿದರೆ ಬರುವುದು ನೂಲಿನ ಸಿಕ್ಕು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳನ್ನೇ ಇಟ್ಟುಕೊಂಡು, ಉಚಿತವಾಗಿ ಸಿಗುವ ಚಿತ್ರ ಬಿಡಿಸುವ ತಂತ್ರಾಂಶ ಗ್ರಾಫ್‌ವಿಜ್‌ನಲ್ಲಿ ಈ ಸಿಕ್ಕು ಬಿಡಿಸೋಣ.

ಹಂತ 1: ಮಡಚಿ
ಅರ್ಧ ಕೆಲಸ ಇಲ್ಲೇ ಇದೆ. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿಯಿಂದಾಗಿ ಉಡುಮಲಪೇಟೆ, ಪಲ್ಲಡಂ ಕಡೆ ಗಾಳಿಯಂತ್ರಗಳು ಸಾಲುಸಾಲು. ವಿವರವಾದ ಮಾಡೆಲ್‌ನಲ್ಲಿ ಒಂದೊಂದಕ್ಕೂ 690 ವೋಲ್ಟ್ ಬಸ್, ಟ್ರಾನ್ಸ್‌ಫಾರ್ಮರ್, ಆಮೇಲೆ 33 ಕೆವಿ ಬಸ್. ಇವನ್ನೆಲ್ಲ ಅವು ಸೇರುವ ಸಬ್‌ಸ್ಟೇಷನ್ನಿನ ಒಂದೇ ಚುಕ್ಕಿಗೆ ಇಳಿಸಿ, ಒಟ್ಟು ಮೆಗಾವ್ಯಾಟ್ ಪಕ್ಕದಲ್ಲಿ ಬರೆಯಿರಿ. ಒಂದೇ ಸಬ್‌ಸ್ಟೇಷನ್ನಿನ 400, 230, 110 ಕೆವಿ ಬಸ್‌ಗಳೂ ಒಂದೇ ಚುಕ್ಕಿ. (230 ಅಚ್ಚಿನ ತಪ್ಪಲ್ಲ, ಕರ್ನಾಟಕದಲ್ಲಿ 220 ಇರುವ ಕಡೆ ತಮಿಳುನಾಡಿನಲ್ಲಿ 230.) ಡಬಲ್ ಸರ್ಕ್ಯೂಟ್ ಇದ್ದರೆ ಒಂದೇ ಗೆರೆ, ಮೇಲೆ 2 ಎಂಬ ಗುರುತು. ಇದೆಲ್ಲ ಬೇರೆ ಪ್ರತಿಯಲ್ಲಿ. ಲೋಡ್ ಫ್ಲೋ ನಡೆಸುವ ಮೂಲ ಫೈಲನ್ನು ಮುಟ್ಟಬೇಡಿ.

ಹಂತ 2: ನಾಲ್ಕಾರು ಕಡೆ ಮೊಳೆ ಹೊಡೆಯಿರಿ
ಎಲ್ಲವನ್ನೂ ಯಂತ್ರಕ್ಕೆ ಬಿಟ್ಟರೆ ಉತ್ತರ ದಕ್ಷಿಣ ಅದಲುಬದಲಾದೀತು. ಉತ್ತರದಲ್ಲಿ ಮೇಟ್ಟುಪಾಳಯಂ, ನಡುವೆ ಅರಸೂರು, ದಕ್ಷಿಣದಲ್ಲಿ ಉಡುಮಲಪೇಟೆ, ಆನೆಮಲೆಯಲ್ಲಿ 400 ಮೆಗಾವ್ಯಾಟ್‌ನ ಕಡಂಪಾರೈ ಪಂಪ್ಡ್ ಸ್ಟೋರೇಜ್ ಘಟಕ: ಇವು ನಕ್ಷೆಯಲ್ಲಿರುವ ಕಡೆಯೇ ನಿಲ್ಲಲಿ. ಉಡುಮಲಪೇಟೆ ಸುಮಾರು 77.25 ರೇಖಾಂಶ, 10.58 ಅಕ್ಷಾಂಶ. 77 ಮತ್ತು 10 ಕಳೆದು ಉಳಿದದ್ದನ್ನು 20ರಿಂದ ಗುಣಿಸಿದರೆ 5 ಮತ್ತು 11.6, ಇವು ಇಂಚುಗಳು. ಇವನ್ನು ಆ ಚುಕ್ಕಿಯ ಸ್ಥಾನವೆಂದು ಕೊಟ್ಟು ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಅದೇ ಮೊಳೆ. ರೇಖಾಂಶ ಮೊದಲು ಬರಬೇಕು, ಇಲ್ಲವಾದರೆ ಜಿಲ್ಲೆಯೇ ಮಗ್ಗುಲಾಗುತ್ತದೆ. ಸಮಭಾಜಕಕ್ಕೆ ಇಷ್ಟು ಹತ್ತಿರದಲ್ಲಿ ಎರಡೂ ದಿಕ್ಕಿನ ಡಿಗ್ರಿಗಳ ಉದ್ದ ಹೆಚ್ಚುಕಡಿಮೆ ಒಂದೇ, ಹಾಗಾಗಿ ನಕ್ಷೆಯ ಪ್ರೊಜೆಕ್ಷನ್ ತಲೆನೋವಿಲ್ಲ.

ಹಂತ 3: ಓಡಿಸಿ
ಗ್ರಾಫ್‌ವಿಜ್‌ನ ‘ನೀಟೋ’ ಆರಿಸಿ. ಎರಡು ಚುಕ್ಕಿಗಳ ನಡುವೆ ಎಷ್ಟು ಲೈನ್ ದಾಟಬೇಕೋ ಕಾಗದದ ಮೇಲೂ ಅಷ್ಟೇ ದೂರ ಉಳಿಸಲು ಅದು ನೋಡುತ್ತದೆ. ಇಡೀ ದಕ್ಷಿಣ ಗ್ರಿಡ್‌ಗಾದರೆ ‘ಎಸ್‌ಎಫ್‌ಡಿಪಿ’ ವೇಗ, ಆದರೆ ಅದು ಮೊಳೆಗೆ ಬೆಲೆ ಕೊಡುವುದಿಲ್ಲ.

ಹಂತ 4: ಬಣ್ಣ
ಗೆರೆಗಳಿಗೆ ವೋಲ್ಟೇಜಿಗೊಂದು ಬಣ್ಣ ಸಾಕು. ಛತ್ತೀಸ್‌ಗಢದ ರಾಯಗಢದಿಂದ ಪುಗಳೂರಿಗೆ ಬರುವ 800 ಕೆವಿ, 6000 ಮೆಗಾವ್ಯಾಟ್‌ನ ಡಿಸಿ ಲೈನಿನ ದೂರದ ತುದಿಯನ್ನು ಚಿತ್ರದ ಅಂಚಿನಲ್ಲಿ ಬಾಣವಾಗಿಸಿ.

ಹಂತ 5: ಸ್ಥಾನಗಳನ್ನು ಉಳಿಸಿ
ಬಸ್ ನಂಬರಿನ ಜೊತೆ ಸ್ಥಾನವನ್ನು ಬೇರೆ ಫೈಲಿನಲ್ಲಿಡಿ. ಮಾಡೆಲ್ ಬದಲಾದಾಗ ಹಳೆಯವಕ್ಕೆಲ್ಲ ಮೊಳೆ ಹೊಡೆದರೆ ಹೊಸ ಸಬ್‌ಸ್ಟೇಷನ್ ಮಾತ್ರ ಜಾಗ ಹುಡುಕಿಕೊಳ್ಳುತ್ತದೆ. ಒಂದು ಎಚ್ಚರ: ನೀಟೋ ಓದುವುದು ಇಂಚಿನಲ್ಲಿ, ಬರೆಯುವುದು ಪಾಯಿಂಟ್‌ನಲ್ಲಿ. ಮತ್ತೆ ಕೊಡುವಾಗ 72ರಿಂದ ಭಾಗಿಸಿ.