ವಾಹನಗಳಲ್ಲಿ ಬಂದು ಹೋಗುವ ವಿದ್ಯುದ್ದೋಷ: ಅದನ್ನು ಅರಸುವ ಬಗೆ

ಪೂರ್ತಿಯಾಗಿ ಕೆಟ್ಟು ನಿಂತ ವಾಹನದ ದೋಷವನ್ನು ಕಂಡುಹಿಡಿಯುವುದು ಅಷ್ಟೇನೂ ಕಠಿಣವಾದ ಕಾರ್ಯವಲ್ಲ. ಒಮ್ಮೆ ಕೆಟ್ಟು, ಮರುಗಳಿಗೆಯಲ್ಲಿ ತಾನಾಗಿಯೇ ಸರಿಹೋಗುವ ವಾಹನವೇ ನಮ್ಮ ತಾಳ್ಮೆಯನ್ನು ಪರೀಕ್ಷಿಸುವಂಥದು. ರಾತ್ರಿಯ ಪ್ರಯಾಣದಲ್ಲಿ ಬಸ್ಸಿನ ಮುಂದಿನ ದೀಪಗಳು ತಟ್ಟನೆ ಆರಿ, ಚಕ್ರ ಇನ್ನೊಂದು ಗುಂಡಿಗೆ ಇಳಿದೊಡನೆ ಮತ್ತೆ ಹೊತ್ತಿಕೊಳ್ಳುತ್ತವೆ. ಮೇಸ್ತ್ರಿಯ ಬಳಿಗೆ ತಂದಾಗ ಎಲ್ಲವೂ ಸುಸ್ಥಿತಿಯಲ್ಲಿಯೇ ಇರುತ್ತದೆ! ಆಗ ಸಾಮಾನ್ಯವಾಗಿ ಮೊದಲು ಬ್ಯಾಟರಿಯನ್ನೂ, ಅದರಿಂದ ಗುಣ ಕಾಣದಿದ್ದರೆ ಆಲ್ಟರ್ನೇಟರನ್ನೂ ಹೊಸದಾಗಿ ಕೊಂಡು ಹಾಕಲಾಗುತ್ತದೆ. ಹಣ ಹೋಗುತ್ತದೆ, ದೋಷ ಉಳಿಯುತ್ತದೆ. ಮಕ್ಕಳನ್ನು ಹೊತ್ತೊಯ್ಯುವ ಶಾಲಾ ಬಸ್ಸಿನ ವಿಷಯದಲ್ಲಂತೂ ಇದನ್ನು ಅದೃಷ್ಟಕ್ಕೆ ಬಿಡುವಂತಿಲ್ಲ. ೧೮೨೭ರಲ್ಲಿ ಗೇಯಾರ್ಗ್ ಓಮ್ ಪ್ರಕಟಿಸಿದ, ನಾವು ಪ್ರೌಢಶಾಲೆಯ ತರಗತಿಯಲ್ಲಿ ಬೋಧಿಸುವ ನಿಯಮವೊಂದೇ ಈ ಶೋಧನೆಗೆ ಸಾಕು.

ವಾಹನದ ವಿದ್ಯುನ್ಮಂಡಲದಲ್ಲಿ ಒಂದು ವಿಶೇಷವಿದೆ. ಬ್ಯಾಟರಿಯ ಧನಧ್ರುವದಿಂದ ಹೊರಟ ಪ್ರವಾಹವು ತಂತಿಯ ಮೂಲಕ ದೀಪಕ್ಕೆ ತಲುಪುತ್ತದಾದರೂ, ಮರಳಿ ಬರುವುದು ಬಹುತೇಕ ವಾಹನದ ಕಬ್ಬಿಣದ ಚೌಕಟ್ಟಿನ ಮೂಲಕವೇ. ಇದನ್ನೇ ಮೇಸ್ತ್ರಿಗಳು 'ಅರ್ತ್' ಎನ್ನುತ್ತಾರೆ. ಎಂಜಿನ್ನು ರಬ್ಬರಿನ ಆಧಾರಗಳ ಮೇಲೆ ಕುಳಿತಿರುವುದರಿಂದ ಅದನ್ನು ಚೌಕಟ್ಟಿಗೆ ಕೂಡಿಸಲು ಹೆಣೆದ ತಾಮ್ರದ ಪಟ್ಟಿಯೊಂದಿರುತ್ತದೆ. ಮಣ್ಣು, ನೀರು, ಎಣ್ಣೆಗಳಲ್ಲಿ ನೆನೆಯುವ ಈ ಪಟ್ಟಿಯನ್ನು ಯಾರೂ ಗಮನಿಸುವುದಿಲ್ಲ. ಇದು ತುಂಡಾದಾಗ ಪ್ರವಾಹವು ಕ್ಲಚ್ಚಿನ ಅಥವಾ ಆಕ್ಸಿಲರೇಟರಿನ ಉಕ್ಕಿನ ಕೇಬಲ್ಲಿನಲ್ಲಿಯೇ ದಾರಿ ಹುಡುಕಿಕೊಂಡು ಅದನ್ನು ಕಾಯಿಸುವುದೂ ಉಂಟು.

ಈಗ ಒಂದು ಕೀಲಿನಲ್ಲಿ ತುಕ್ಕಿನಿಂದ ೦.೨ ಓಮ್ ರೋಧ ಸೇರಿಕೊಂಡಿದೆಯೆಂದು ಭಾವಿಸೋಣ. ಪರೀಕ್ಷೆಗೆಂದು ೩ ವ್ಯಾಟಿನ ಸಣ್ಣ ಬಲ್ಬನ್ನು ಹಿಡಿದರೆ ಅದು ೧೨ ವೋಲ್ಟಿನಲ್ಲಿ ಸೆಳೆಯುವುದು ಕಾಲು ಆಂಪಿಯರ್ ಮಾತ್ರ. ಕೀಲಿನಲ್ಲಿ ನಷ್ಟವಾಗುವುದು ೦.೦೫ ವೋಲ್ಟು, ಬಲ್ಬು ಚೆನ್ನಾಗಿಯೇ ಬೆಳಗುತ್ತದೆ. ತಲಾ ೫೫ ವ್ಯಾಟಿನ ಎರಡು ಮುಂದೀಪಗಳನ್ನು ಹೊತ್ತಿಸಿದರೆ ಅದೇ ಕೀಲಿನಲ್ಲಿ ಒಂದೂವರೆ ವೋಲ್ಟಿಗೂ ಮೇಲೆ ನಷ್ಟವಾಗಿ ಬೆಳಕು ಮಂಕಾಗುತ್ತದೆ. ಇನ್ನು ಸೆಲ್ಫ್ ಮೋಟಾರಿಗೆ ೧೫೦ ಆಂಪಿಯರ್ ಬೇಕಾಯಿತೆನ್ನಿ. ಕೀಲೊಂದನ್ನು ದಾಟಲಿಕ್ಕೇ ೩೦ ವೋಲ್ಟು ಬೇಕು. ೧೨ ವೋಲ್ಟಿನ ಬ್ಯಾಟರಿ ಅದನ್ನೆಲ್ಲಿಂದ ತಂದೀತು? 'ಟಕ್' ಎಂಬ ಸದ್ದಷ್ಟೇ ಕೇಳಿಸುತ್ತದೆ. ಕಾಲುವೆಯಲ್ಲಿ ಕಸ ಕಟ್ಟಿಕೊಂಡಿದ್ದರೂ ಜಿನುಗುವ ನೀರಿಗೆ ಅದು ಅಡ್ಡಿಯಲ್ಲ. ಗದ್ದೆಗೆ ತುಂಬು ನೀರು ಬಿಟ್ಟಾಗಲೇ ತಡೆ ಗೊತ್ತಾಗುವುದು. ಆದುದರಿಂದ ಭಾರವಿಲ್ಲದೆ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಉಪಕರಣ ಹಿಡಿಯುವ ಮೊದಲು ಚಾಲಕನನ್ನು ವಿಚಾರಿಸಬೇಕು. ದೀಪ, ಹಾರನ್, ಮುಂಫಲಕ ಎಲ್ಲವೂ ಒಟ್ಟಿಗೆ ಹೋದವೇ? ಹಾಗಿದ್ದರೆ ದೋಷವು ಎಲ್ಲಕ್ಕೂ ಸಮಾನವಾದ ಬುಡದಲ್ಲಿದೆ: ಬ್ಯಾಟರಿಯ ಟರ್ಮಿನಲ್, ಅರ್ತ್ ಪಟ್ಟಿ ಅಥವಾ ಮುಖ್ಯ ಫ್ಯೂಸು. ೨೪ ವೋಲ್ಟಿನ ದೊಡ್ಡ ಬಸ್ಸಾದರೆ ಎರಡು ಬ್ಯಾಟರಿಗಳನ್ನು ಕೂಡಿಸುವ ಕೇಬಲ್ಲನ್ನೂ ಮರೆಯಬಾರದು. ಮುಂದೀಪ ಉಳಿದು ಮುಂಫಲಕ ಮಾತ್ರ ಕತ್ತಲಾದರೆ ಕೀಲಿಕೈ ಸ್ವಿಚ್ಚನ್ನು ಶಂಕಿಸಬೇಕು. ಹಳೆಯ ಕೆಲವು ವಾಹನಗಳಲ್ಲಿ ದೀಪಗಳು ಹೆಚ್ಚುಕಡಿಮೆ ಸಮಾನ ಅಂತರದಲ್ಲಿ ಆರಿ ಹೊತ್ತುವುದುಂಟು. ಅದು ಸಡಿಲ ಕೀಲಿನ ಲಕ್ಷಣವಲ್ಲ. ದ್ವಿಲೋಹದ ಪಟ್ಟಿಯುಳ್ಳ ರಕ್ಷಕವು ಕಾದು ಬಿಚ್ಚಿಕೊಂಡು, ತಣಿದು ಕೂಡಿಕೊಳ್ಳುತ್ತಿದೆ, ಎಂದರೆ ಎಲ್ಲಿಯೋ ಷಾರ್ಟ್ ಆಗುತ್ತಿದೆ.

ಮುಂದೆ ಅಳತೆ. ಚೆನ್ನಾಗಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ೧೨ ವೋಲ್ಟಿನ ಬ್ಯಾಟರಿ ಸುಮಾರು ೧೨.೬ ವೋಲ್ಟು ತೋರಿಸಬೇಕು. ಎಂಜಿನ್ನು ಓಡುವಾಗ ಸಾಮಾನ್ಯವಾಗಿ ೧೩.೮ರಿಂದ ೧೪.೪. ಇವೆರಡೂ ಸರಿಯಾಗಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಅವಸರ ಬೇಡ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದರ ಮೇಲೆ ಕುಳಿತ ಕ್ಲಾಂಪಿಗೆ ತಾಗಿಸಿ, ಮುಂದೀಪ ಹೊತ್ತಿಸಬೇಕು. ಇವೆರಡರ ನಡುವಿನ ವಿಭವಾಂತರ ಹತ್ತಿರಹತ್ತಿರ ಸೊನ್ನೆಯಾಗಿರಬೇಕು, ೦.೧ ವೋಲ್ಟನ್ನು ಮೀರಿದರೆ ಆ ಕೀಲು ಅಪರಾಧಿ. ಬಳಿಕ ಋಣಧ್ರುವದ ಕಂಬಕ್ಕೂ ಎಂಜಿನ್ನಿನ ಬೋಳು ಲೋಹಕ್ಕೂ ನಡುವೆ, ಸೆಲ್ಫ್ ತಿರುಗುತ್ತಿರುವಾಗಲೇ ಅಳೆಯಬೇಕು. ಅಲ್ಲಿ ಅರ್ಧ ವೋಲ್ಟನ್ನು ಮೀರಬಾರದು.

ಅಷ್ಟಾದರೂ ದೋಷ ಅಡಗಿಯೇ ಇದ್ದರೆ, ದೀಪಗಳನ್ನು ಹೊತ್ತಿಸಿಟ್ಟು, ಎಂಜಿನ್ನಿನ ತಿರುಗುವ ಭಾಗಗಳಿಂದ ಕೈಯನ್ನು ದೂರವಿರಿಸಿ, ತಂತಿಗಳ ಕಟ್ಟನ್ನು ಗೇಣುಗೇಣಾಗಿ ಅಲುಗಿಸುತ್ತ ಹೋಗಬೇಕು; ಇನ್ನೊಬ್ಬರು ಮೀಟರನ್ನು ನೋಡುತ್ತಿರಬೇಕು. ಫ್ಯೂಸಿನ ಪೆಟ್ಟಿಗೆಯನ್ನು ಮುಟ್ಟಿ ನೋಡುವುದೂ ಉಪಯುಕ್ತ. ೨೦ ಆಂಪಿಯರ್ ಹರಿಯುವಲ್ಲಿ ೦.೦೫ ಓಮ್ ರೋಧವಿದ್ದರೆ ೨೦ ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಆ ಕಾವಿಗೆ ಲೋಹ ಹಿಗ್ಗಿ ಕೀಲು ಬಿಡುತ್ತದೆ, ತಣಿದಾಗ ಕೂಡುತ್ತದೆ. ಅರ್ಧ ಗಂಟೆ ಓಡಿದ ಮೇಲಷ್ಟೇ ತೋರುವ ದೋಷದ ರಹಸ್ಯ ಬಹಳ ವೇಳೆ ಇದೇ.

ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿ ಆಲ್ಟರ್ನೇಟರನ್ನು ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಖಂಡಿತವಾಗಿ ಬಿಡಬೇಕು. ಆ ಕ್ಷಣ ಏರುವ ವೋಲ್ಟೇಜಿಗೆ ಡಯೋಡುಗಳೂ ಎಲೆಕ್ಟ್ರಾನಿಕ್ ಘಟಕಗಳೂ ಬಲಿಯಾಗಬಹುದು. ಹಿಂದಿನ ಡೀಸೆಲ್ ಬಸ್ಸುಗಳಲ್ಲಿ ಇಂಧನದ ಪಂಪು ಕೇವಲ ಯಾಂತ್ರಿಕವಾಗಿದ್ದುದರಿಂದ, ದೀಪ ಹೋದರೂ ಎಂಜಿನ್ನು ಸಾಮಾನ್ಯವಾಗಿ ಓಡುತ್ತಲೇ ಇರುತ್ತಿತ್ತು. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ರ ವಾಹನಗಳಲ್ಲಿ ಇಂಧನದ ಸಿಂಪರಣೆಯೂ ಎಲೆಕ್ಟ್ರಾನಿಕ್ ಘಟಕದ ಅಧೀನ. ಅಲ್ಲಿ ವಿದ್ಯುತ್ತು ತಪ್ಪಿದರೆ ಎಂಜಿನ್ನೇ ನಿಲ್ಲಬಹುದು, ಅದೂ ನಡುದಾರಿಯಲ್ಲಿ.

ಅಪರಾಧಿ ಕೀಲು ಸಿಕ್ಕಿದ ಮೇಲೆ ಚಿಕಿತ್ಸೆ ಸರಳವಾದುದೇ. ಎಂಜಿನ್ನು ನಿಲ್ಲಿಸಿ, ಋಣಧ್ರುವದ ತಂತಿಯನ್ನು ಮೊದಲು ಕಳಚಬೇಕು. ಸ್ಪ್ಯಾನರು ಚೌಕಟ್ಟಿಗೆ ತಾಗಿ ಕಿಡಿ ಹಾರದಿರಲು ಇದೇ ಕ್ರಮ. ಟರ್ಮಿನಲ್ಲಿನ ಬಿಳಿ ಹಸಿರು ಬೂಷ್ಟನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ, ಬ್ಯಾಟರಿಯೊಳಕ್ಕೆ ಇಳಿಯದಂತೆ ತೊಳೆದು, ತಂತಿಯ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ಅರ್ತ್ ಪಟ್ಟಿಯ ಕೆಳಗಿನ ಬಣ್ಣವನ್ನೂ ಕೆರೆದು ತೆಗೆಯಬೇಕು. ಬಿಗಿದ ಮೇಲೆ ಹೊರಗಡೆ ವ್ಯಾಸಲೀನ್ ಸವರಿ, ಅದೇ ಭಾರದಲ್ಲಿ ಅದೇ ಎರಡು ಬಿಂದುಗಳ ನಡುವೆ ಮತ್ತೆ ಅಳೆದು, ಹಿಂದಿನ ಅಂಕಿಯ ಪಕ್ಕದಲ್ಲಿ ಹೊಸ ಅಂಕಿಯನ್ನೂ ಬಸ್ಸಿನ ಪುಸ್ತಕದಲ್ಲಿ ಬರೆದಿಡತಕ್ಕದ್ದು.